ಕಳೆದುಕೊಂಡ ಕೂಲಿಯ ದಿನಗಳು

ಆ ನಮೂನೆಯಲ್ಲಿ ಹತ್ತೊಂಬತ್ತು ಪ್ರಶ್ನೆಗಳಿದ್ದವು. ಬರೆದ ಪುಣ್ಯಾತ್ಮರು ಯಾರೋ, ಯಾವ ಫ್ಯಾನಿನ ಕೆಳಗೆ ಕೂತು ಬರೆದರೋ, ಒಂದು ಮಗುವಿಗೆ ಒಂದು ಹೊತ್ತಾದರೂ ಉಣ್ಣಿಸಿದವರಲ್ಲ ಎನ್ನುವುದು ಮಾತ್ರ ಓದಿದ ಯಾರಿಗಾದರೂ ತಿಳಿಯುತ್ತಿತ್ತು. ಶಾಹಿಸ್ತಾಳಿಗೂ ತಿಳಿದಿತ್ತು. ತಿಳಿದೂ ಅವಳು ಎಡವಿದಳು.

ಶಾಹಿಸ್ತಾ ತಿಕೋಟಾದವಳು. ವಿಜಯಪುರದಲ್ಲಿ ಮಕ್ಕಳ ರಕ್ಷಣೆಯ ಕಚೇರಿಯೊಂದರಲ್ಲಿ ಗುತ್ತಿಗೆ ನೌಕರಿ. ದಿಕ್ಕಿಲ್ಲದ ಮಕ್ಕಳನ್ನು ಅನಾಥಾಲಯಕ್ಕೆ ಬಿಡದೆ ತಮ್ಮ ಮನೆಯಲ್ಲಿಟ್ಟು ಸಾಕುವ ಕುಟುಂಬಗಳಿಗೆ ಸರ್ಕಾರ ತಿಂಗಳಿಗಿಷ್ಟು ಎಂದು ಹಣ ಕೊಡುತ್ತದೆ. ಅಂಥ ಮನೆಗಳಿಗೆ ಸ್ಕೂಟಿಯ ಮೇಲೆ ತಿರುಗಿ, ಮಗು ಹೇಗಿದೆ ಎಂದು ನೋಡಿ ಬರುವುದು ಅವಳ ಕೆಲಸ. ಅಲ್ಲಿಯವರೆಗೆ ಎಲ್ಲ ಮಕ್ಕಳಿಗೂ ಒಂದೇ ದರವಿತ್ತು. ಆ ವರ್ಷ ಮೇಲಿನವರಿಗೆ ಒಳ್ಳೆಯ ಬುದ್ಧಿ ಬಂದು ಎರಡು ದರ ಮಾಡಿದರು. ಒಂದು ಸಾಮಾನ್ಯ ಆರೈಕೆ, ಇನ್ನೊಂದು ವಿಶೇಷ ಆರೈಕೆ. ಕಾಯಿಲೆಯ ಮಗುವನ್ನು ಸಾಕುವವರಿಗೆ ಹೆಚ್ಚು ಸಿಗಲಿ ಎಂಬ ಆಸೆ. ಆದರೆ ಕಾಯಿಲೆ ಇದ್ದರೆ ಸಾಲದು, ಅದರಿಂದ ಮನೆಯವರಿಗೆ ಎಷ್ಟು ಹೊರೆ ಬೀಳುತ್ತದೆ ಎಂದು ಅವರ ಬಾಯಿಂದಲೇ ಕೇಳಿ ಬರೆದು ತರಬೇಕಿತ್ತು.

ನಿಡೋಣಿಯ ಗುರುಬಾಯಿಯ ಮನೆಗೆ ಅವಳು ಹೋದಾಗ ಮಧ್ಯಾಹ್ನ. ಗುರುಬಾಯಿಯ ಗಂಡ ಬೀರಣ್ಣ ಕುರಿ ಹಿಂಡಿನೊಂದಿಗೆ ವರ್ಷದ ಮುಕ್ಕಾಲು ಪಾಲು ಊರ ಹೊರಗೇ ಇರುವವನು. ಮದುವೆಯಾಗಿ ಹದಿನಾರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಎರಡು ವರ್ಷದ ಕೆಳಗೆ ಕಸ್ತೂರಿ ಬಂದಳು. ಈಗ ಏಳು ವರ್ಷದ ಹುಡುಗಿ. ಹೆತ್ತವರಿಲ್ಲ, ಮೇಲೆ ಮೂರ್ಛೆ ರೋಗ. ಆಡುತ್ತಾ ಆಡುತ್ತಾ ನಿಂತಲ್ಲೇ ಬಿದ್ದು ಕೈಕಾಲು ಸೆಟೆದುಕೊಳ್ಳುವಳು. ಅವಳು ಬಂದ ಮೇಲೆ ಗುರುಬಾಯಿ ದ್ರಾಕ್ಷಿ ತೋಟದ ಕೂಲಿಗೆ ಹೋದ ದಿನಗಳೆಷ್ಟೋ ಹೋಗದ ದಿನಗಳೂ ಅಷ್ಟೇ ಆಗಿದ್ದವು. ಇದು ಶಾಹಿಸ್ತಾಳಿಗೆ ಚೆನ್ನಾಗಿ ಗೊತ್ತಿತ್ತು.

ಗುರುಬಾಯಿ ಚಹಾ ಕೊಟ್ಟು ಎದುರು ಕೂತಳು. ಕಸ್ತೂರಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಬಂದವಳ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು.

"ಹುಡುಗಿ ಊಟಕ್ಕ ತಿಂಗಳಿಗಿ ಎಷ್ಟ ಬೀಳತೈತ್ರಿ ಅಕ್ಕಾ?" ಎಂದು ಶಾಹಿಸ್ತಾ ಕೇಳಿದಳು.

ಗುರುಬಾಯಿಯ ಮುಖ ಗಂಟಾಯಿತು. "ಅದೆಂಥಾ ಮಾತ್ರಿ ಬಾಯಾರ? ಕೂಸು ಉಂಡಿದ್ದಕ್ಕ ಲೆಕ್ಕ ಹಚ್ಚತಾರೇನ್ರಿ? ಲೆಕ್ಕ ಹಚ್ಚಿದ್ರ ಉಂಡಿದ್ದು ಮೈಗಿ ಹತ್ತಂಗಿಲ್ಲ."

ಶಾಹಿಸ್ತಾ ತಲೆ ತಗ್ಗಿಸಿದಳು. ಅವಳ ತಾಯಿ ಇಮಾಮಬಿಯೂ ಅದೇ ಜಾತಿಯ ಹೆಂಗಸು. ಮಕ್ಕಳು ಉಣ್ಣುವಾಗ ಎಷ್ಟು ರೊಟ್ಟಿ ಹೋದವೆಂದು ಕಣ್ಣಿಗೆ ಬೀಳಬಾರದೆಂದು ಬೇಕೆಂದೇ ಒಲೆಯ ಕಡೆ ಮುಖ ಮಾಡಿ ಕೂಡುತ್ತಿದ್ದವಳು. ಆ ಕಾಲಂನಲ್ಲಿ ಶಾಹಿಸ್ತಾ ಅಡ್ಡಗೆರೆ ಎಳೆದಳು.

"ಗುಳಿಗಿ, ಬಸ್ ಚಾರ್ಜ್?"

"ಅದೂ ಹೇಳಬೇಕೇನ್ರಿ? ಹೆಂಗರ ಆಗತೈತಿ ಬಿಡ್ರಿ."

ಇನ್ನೊಂದು ಅಡ್ಡಗೆರೆ. ಮುಂದಿನದು ಹದಿನಾಲ್ಕನೆಯ ಪ್ರಶ್ನೆ. ಮಗುವಿನ ಆರೈಕೆಗಾಗಿ ತಿಂಗಳಿಗೆ ಕಳೆದುಕೊಂಡ ಕೂಲಿಯ ದಿನಗಳೆಷ್ಟು? ಶಾಹಿಸ್ತಾ ಅದನ್ನು ಇದ್ದದ್ದು ಇದ್ದ ಹಾಗೇ ಓದಿದಳು.

"ಕಳಕೊಂಡಿದ್ದಾ?" ಗುರುಬಾಯಿ ನಕ್ಕೇಬಿಟ್ಟಳು. "ನಾ ಏನ ಕಳಕೊಂಡೇನ್ರಿ? ಇಷ್ಟ ವರ್ಷ ಈ ಮನ್ಯಾಗ ಗ್ವಾಡಿ ನೋಡ್ಕೋತ ಕುಂತಾಕಿ. ಈಗ ಕೂಸಿನ ಮಾರಿ ನೋಡ್ಕೋತ ಕುಂತೇನಿ. ಇದಕ್ಕ ಕಳಕೊಂಡಿದ್ದು ಅಂತಾರೇನ್ರಿ? ಏನೂ ಇಲ್ಲ, ಹಂಗ ಬರಕೋರಿ."

ಶಾಹಿಸ್ತಾಳ ಕಣ್ಣು ತುಂಬಿ ಬಂತು. ಅವಳು ದುಂಡಗಿನ ಅಕ್ಷರದಲ್ಲಿ 'ಇಲ್ಲ' ಎಂದು ಬರೆದಳು. ಇನ್ನೊಂದು ಮಾತು ಕೇಳುವುದು ಆ ತಾಯಿಗೆ ಮಾಡುವ ಅವಮಾನ ಎಂದೇ ಅವಳಿಗೆ ಅನ್ನಿಸಿತು. ಇಂಥ ಹೆಂಗಸರು ಇನ್ನೂ ಇದ್ದಾರಲ್ಲ ಎಂದು ಬಬಲೇಶ್ವರ ದಾಟುವವರೆಗೂ ಖುಷಿಪಡುತ್ತಾ ಸ್ಕೂಟಿ ಓಡಿಸಿದಳು. ಅವತ್ತು ಅವಳ ಕೈಯಲ್ಲಿ ಪೆನ್ನು ಇರಬಾರದಿತ್ತು.

ಮರುದಿನ ತಿಕೋಟಾದಲ್ಲಿ, ಕಾಲು ಸರಿಯಿಲ್ಲದ ಒಬ್ಬ ಹುಡುಗನನ್ನು ಸಾಕುತ್ತಿದ್ದ ಮುನಾಫ ಎಂಬಾತನ ಮನೆಗೆ ಹೋದಳು. ಆತ ನಿವೃತ್ತ ಗುಮಾಸ್ತ. ಆಟೋದ ಚೀಟಿ, ಎಣ್ಣೆಯ ಚೀಟಿ, ತಾನು ಬಿಟ್ಟ ಅಂಗಡಿ ಲೆಕ್ಕ ಬರೆಯುವ ಕೆಲಸದ ದಿನಗಳು, ಎಲ್ಲವನ್ನೂ ಒಂದು ಫೈಲಿನಲ್ಲಿ ಪೋಣಿಸಿ ಇಟ್ಟಿದ್ದ. ಶಾಹಿಸ್ತಾಳಿಗೆ ಒಳಗೊಳಗೇ ಅಸಹ್ಯವಾಯಿತು. ಪಾಪ, ಆತ ಬರೆದದ್ದರಲ್ಲಿ ಒಂದು ಪೈಸೆಯೂ ಸುಳ್ಳಿರಲಿಲ್ಲ.

ತಿಂಗಳ ಕೊನೆಗೆ ವಿಜಯಪುರದ ಕಚೇರಿಯಲ್ಲಿ ಸಭೆ ಸೇರಿತು. ಮೇಲಧಿಕಾರಿ ಅಂಬಾದಾಸ ಸಾಹೇಬರು ಒಂದೊಂದೇ ಹೆಸರು ಓದಿ ದರ ಗುರುತಿಸುತ್ತಾ ಹೋದರು. ಮುನಾಫನ ಮನೆಗೆ ವಿಶೇಷ ಆರೈಕೆ. ನಿಡೋಣಿ ಬಂತು.

"ಖರ್ಚು ಇಲ್ಲ. ಕೂಲಿ ದಿನ ಇಲ್ಲ. ಸಾಮಾನ್ಯ."

ಶಾಹಿಸ್ತಾ ಎದ್ದು ನಿಂತಳು. "ಸರ್, ಆಕಿ ಹಂಗ ಅಂದಾಳ್ರಿ. ಆದ್ರ ಬಾಳ ಖರ್ಚ ಅದರಿ. ಕೂಲಿನೂ ಬಿಟ್ಟಾಳ್ರಿ."

"ಇದು ನಿಮ್ಮ ಅಕ್ಷರ ಹೌದಲ್ರಿ?"

"ಹೌದ್ರಿ."

"ಇಲ್ಲ ಅಂತ ಬರದವ್ರೂ ನೀವ, ಅದ ಅನ್ನವ್ರೂ ನೀವ. ನಾ ಯಾವುದಕ್ಕ ಸಹಿ ಮಾಡ್ಲಿ ಹೇಳ್ರಿ?" ಸಾಹೇಬರು ಕೆಟ್ಟವರಲ್ಲ. ದನಿ ಇಳಿಸಿ, "ಸೋಮವಾರದೊಳಗ ಆಕಿ ಕಡಿಂದ ಒಂದು ತಿದ್ದುಪಡಿ ಬರಿಸಿ, ಹೆಬ್ಬಟ್ಟ ಒತ್ತಿಸಿಕೊಂಡ ಬರ್ರಿ. ಕಳಸ್ತೀನಿ. ಆಮ್ಯಾಲ ಆದ್ರ ಮುಂದಿನ ವರ್ಷನ," ಎಂದರು.

ಸೋಮವಾರಕ್ಕೆ ನಾಲ್ಕು ದಿನವಿತ್ತು. ನಿಡೋಣಿ ಏನು ಕಾಶಿಯಷ್ಟು ದೂರವಿರಲಿಲ್ಲ. ಆದರೆ ಅವತ್ತು ಹಾಗೆ ನಕ್ಕ ಹೆಂಗಸಿನ ಮುಂದೆ ಕೂತು, ನಿನ್ನ ಕೂಸು ನಿನಗೆ ಭಾರ ಎಂದು ಹೇಳು ಎನ್ನುವುದು ಹೇಗೆ? ಶಾಹಿಸ್ತಾ ಹೋಗಲಿಲ್ಲ. ಶುಕ್ರವಾರ ಬೇರೆ ಕೆಲಸ ಹುಡುಕಿಕೊಂಡಳು, ಶನಿವಾರ ತಲೆನೋವು ಎಂದಳು. ಸೋಮವಾರ ಪಟ್ಟಿ ಮೇಲೆ ಹೋಯಿತು. ಇನ್ನೊಂದೇ ವರ್ಷ, ಹೇಗೋ ನಡೆದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನಡೆಯಲಿಲ್ಲ. ಆ ಚಳಿಗಾಲದಲ್ಲಿ ಕಸ್ತೂರಿಗೆ ಮೂರ್ಛೆ ಹೆಚ್ಚಾಗಿ, ಡಾಕ್ಟರು ಗುಳಿಗೆ ಬದಲಾಯಿಸಿದರು. ಹೊಸದು ಹೊರಗಿನ ಅಂಗಡಿಯಲ್ಲೇ ಸಿಗುತ್ತಿತ್ತು, ಬೆಲೆಯೂ ಜಾಸ್ತಿ. ಸರ್ಕಾರದ ಸಾಮಾನ್ಯ ದರ ಅದಕ್ಕೆ ಸಾಲಲಿಲ್ಲ. ದ್ರಾಕ್ಷಿ ಸುಗ್ಗಿ ಶುರುವಾದಾಗ ಗುರುಬಾಯಿ ಹುಡುಗಿಯನ್ನು ಪಕ್ಕದ ಮನೆಯ ಪರಸವ್ವಳಿಗೆ ಒಪ್ಪಿಸಿ ದಿನವೂ ಕೂಲಿಗೆ ಹೋಗತೊಡಗಿದಳು. ಪರಸವ್ವ ವಯಸ್ಸಾದವಳು. ಹನ್ನೊಂದನೆಯ ದಿನ ಅವಳು ನೀರು ತರಲು ಹೋದ ಹೊತ್ತಿಗೆ ಕಸ್ತೂರಿ ಉರಿಯುವ ಒಲೆಯ ಮುಂದೆ ಬಿದ್ದಳು. ಎಡಗೈ ಮೊಣಕೈವರೆಗೆ ಸುಟ್ಟಿತು.

ಆಸ್ಪತ್ರೆಯಿಂದ ವರದಿ ಹೋಯಿತು. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರುವುದಿಲ್ಲವೆಂದು, ನರ್ಸ್ ಇರುವ ವಿಜಯಪುರದ ಒಂದು ಮಕ್ಕಳ ಮನೆಗೆ ಸೇರಿಸುವ ಆದೇಶ ಬಂತು. ಅಲ್ಲಿ ಅದೇ ಮಗುವಿಗೆ ಸರ್ಕಾರ ಗುರುಬಾಯಿಗೆ ಕೊಟ್ಟದ್ದರ ಮೂರು ಪಟ್ಟು ಕೊಡುತ್ತಿತ್ತು. ಈ ಲೆಕ್ಕ ಯಾರ ತಲೆಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅದನ್ನು ಬರೆಯಲು ಯಾವ ನಮೂನೆಯಲ್ಲೂ ಜಾಗವಿರಲಿಲ್ಲ.

ಕರೆದೊಯ್ಯಲು ಶಾಹಿಸ್ತಾಳೇ ಜೀಪಿನಲ್ಲಿ ಹೋಗಬೇಕಾಯಿತು. ಕಸ್ತೂರಿ ಬಟ್ಟೆ ಸುತ್ತಿದ ಕೈಯನ್ನು ಎತ್ತಿ ಹಿಡಿದುಕೊಂಡು, ಡ್ರೈವರನ ಪಕ್ಕದ ಸೀಟು ತನಗೇ ಬೇಕೆಂದು ಹಟ ಮಾಡಿ ಹತ್ತಿ ಕೂತಳು.

"ಯವ್ವಾ, ಲಗೂ ಬಾ," ಎಂದು ಅಲ್ಲಿಂದಲೇ ಕೂಗಿದಳು. ಅವ್ವ ಬರುವುದಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಗುರುಬಾಯಿ ಬಟ್ಟೆಯ ಚೀಲಕ್ಕೆ ಗಂಟು ಹಾಕುತ್ತಿದ್ದಳು. ಶಾಹಿಸ್ತಾ ಅವಳ ಪಕ್ಕ ಕುಕ್ಕರಿಸಿ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ನಮೂನೆ, 'ಇಲ್ಲ' ಎಂದು ಬರೆದದ್ದು, ಸಾಹೇಬರು ಕೊಟ್ಟ ನಾಲ್ಕು ದಿನ, ತಾನು ಬರದೇ ಉಳಿದದ್ದು. "ತಪ್ಪ ನಂದರಿ ಅಕ್ಕಾ," ಎಂದು ಅತ್ತಳು.

ಗುರುಬಾಯಿ ಬೈಯಲಿಲ್ಲ. ಗಂಟು ಬಿಗಿದು ಮುಗಿಸಿ, ಬಾಗಿಲಾಚೆ ಜೀಪಿನ ಕಡೆ ನೋಡುತ್ತಾ ಕೇಳಿದಳು. "ಎಷ್ಟ ದಿನ ಅಂದಿದ್ರ ಕೂಸಿನ್ನ ನನ್ನ ಕಡೆ ಬಿಡತಿದ್ರು?"

ಹೇಳಬಾರದೆಂದುಕೊಂಡರೂ ಶಾಹಿಸ್ತಾಳ ಬಾಯಿಂದ ಬಂದೇಬಿಟ್ಟಿತು. "ಹತ್ತ ದಿನ ಅಂದಿದ್ರ ಸಾಕಿತ್ತರಿ. ಹೆಚ್ಚಿನ ದರ ಸಿಗತಿತ್ತು. ನೀವು ಕೂಲಿಗಿ ಹೋಗೂದ ಬೀಳತಿದ್ದಿಲ್ಲ."

"ಹತ್ತ ದಿನ," ಎಂದಳು ಗುರುಬಾಯಿ. ಚೀಲವನ್ನು ಎತ್ತಿ ಶಾಹಿಸ್ತಾಳ ಕೈಗೆ ಕೊಟ್ಟಳು. "ಹದಿಮೂರ ದಿನ ಆಗತಿದ್ವು ತಂಗಿ, ತಿಂಗಳಾ. ನನಗ ಗೊತ್ತಿತ್ತು. ಮೊದಲ ಸಲ ಯಾರರ ಬಾಯಿ ಬಿಟ್ಟ ಹೇಳತಾರೇನ? ನೀ ಇನ್ನೊಮ್ಮಿ ಕೇಳಿದ್ದಿ ಅಂದ್ರ ಹೇಳತಿದ್ನಿ."