ಬಸವಣ್ಣನ ಸುತ್ತು

ಮತ್ತೊಂದು ಹನಿ ಬಿತ್ತು. ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಕೆಂಪಗೆ, ಕುಂಕುಮ ಕಲಸಿದ ನೀರಿನಂತೆ. ಕಾರಿನ ಕೆಳಗೆ ಅಂಗಾತ ಮಲಗಿದ್ದ ಅಣವೀರ ಬೆರಳಲ್ಲಿ ಒರೆಸಿ ಮೂಸಿ ನೋಡಿದ. ಸುಟ್ಟ ವಾಸನೆಯಿಲ್ಲ. ಗೇರು ಇನ್ನೂ ಬದುಕಿದೆ ಎಂದು ಸಮಾಧಾನವಾಯಿತು. ಆದರೆ ಎಣ್ಣೆ ಸೋರುತ್ತಿದ್ದದ್ದು ಎಂಟು ದಿನದ ಹಿಂದೆ ತಾನೇ ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದ ಗೇರಿನ ಎಣ್ಣೆ ತಟ್ಟೆಯಿಂದಲೇ, ಅದೇ ಮೂಲೆಯಿಂದಲೇ.

"ಏನಾತ್ರಿ?" ಭುವನೇಶ್ವರಿ ಟೀಚರ ಧ್ವನಿ ಮೇಲಿನಿಂದ ಬಂತು. ಅವನಿಗೆ ಕಾಣುತ್ತಿದ್ದದ್ದು ಆಕೆಯ ಚಪ್ಪಲಿಗಳಷ್ಟೇ. ಎಡಗಾಲಿನದರ ತುದಿ ಎಳೆದೆಳೆದು ಸವೆದಿತ್ತು. ಆ ಕಾಲಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿತ್ತು.

ಕ್ಲಚ್ ಇಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಈ ಹಳೆಯ ಕಾರು ಆಕೆಗೆ ಷೋಕಿಯಲ್ಲ. ಬಲಗಾಲೊಂದರಲ್ಲೇ ಓಡಿಸಬಹುದಾದ್ದರಿಂದ ಮೂರು ವರ್ಷದಿಂದ ಸುಲೇಪೇಟದಿಂದ ಚಿಂಚೋಳಿಯ ಶಾಲೆಗೆ ಯಾರ ಹಂಗೂ ಇಲ್ಲದೆ ಹೋಗಿಬರುತ್ತಿದ್ದಳು. ಅದಕ್ಕೂ ಮುಂಚೆ ಬಸ್ಸಿನ ಮೆಟ್ಟಿಲು ಹತ್ತಲು ಯಾರದಾದರೂ ಕೈ ಬೇಕಿತ್ತು. ಇಲ್ಲವೇ ಅಣ್ಣ ಮಹೇಶಕುಮಾರನ ಬೈಕಿಗೆ ಕಾಯಬೇಕಿತ್ತು. ಮೊನ್ನೆ ಸೋಮವಾರ ಎಣ್ಣೆ ಬಹುಪಾಲು ಸೋರಿ, ತೊಗರಿ ಹೊಲಗಳ ನಡುವೆ ಕಾರು ನಿಂತುಬಿಟ್ಟಿತು. ಎಂಜಿನ್ ಕೂಗುತ್ತಿತ್ತು, ಗಾಲಿ ಮಾತ್ರ ಅಲುಗಲಿಲ್ಲ. ಅಣ್ಣನೇ ಟೆಂಪೋದ ಮೇಲೆ ಹೇರಿಸಿಕೊಂಡು ಅಣವೀರನ ಗ್ಯಾರೇಜಿಗೆ ತಂದಿದ್ದ.

"ಮೂರು ಗಂಟೆಕ್ಕ ಅಣ್ಣ ಬರ್ತಾನ್ರಿ. ಸೇಡಂದಾಗ ಗಿರಾಕಿ ನೋಡ್ಯಾನ. ಇವತ್ತೂ ಸೋರಿದ್ರ ಮಾರೇ ಬಿಡ್ತಾನ, ಗಾಡಿ ಅವನ ಹೆಸರಿಲೆ ಅದ," ಎಂದಳು. ಸ್ವಲ್ಪ ತಡೆದು ಕೇಳಿದಳು: "ಗಾಡಿಗೇ ಹುಟ್ಟು ದೋಷ ಅದ ಅಂತ ಅವನಿಗಿ ನೀವೇ ಹೇಳಿರಂತಲ್ಲ?"

ಅಣವೀರ ಹೇಳಿದ್ದು ನಿಜ. ಸೋಮವಾರ ಮಹೇಶಕುಮಾರ ಎಗರಾಡಿದಾಗ ಮಾನ ಉಳಿಸಿಕೊಳ್ಳಲು ಆ ಕ್ಷಣಕ್ಕೆ ಹೊಳೆದ ಮಾತದು.

"ಆ ಮಾತು ನನ್ನ ಕಾಲಿಗೂ ಭಾಳ ಮಂದಿ ಅಂದಾರ್ರಿ," ಎಂದಷ್ಟೇ ಹೇಳಿ ಆಕೆ ಸ್ಟೂಲಿನ ಮೇಲೆ ಕೂತಳು.

ಅವನು ಉಳಿದ ಎಣ್ಣೆ ಬಸಿದು, ಹದಿನಾಲ್ಕು ಬೋಲ್ಟು ಬಿಚ್ಚಿ ತಟ್ಟೆ ಇಳಿಸಿದ. ಗ್ಯಾಸ್ಕೆಟ್ ಅಲ್ಲಲ್ಲಿ ಹಿಂಡಿಹೋಗಿತ್ತು. ಕಲಬುರಗಿಯಿಂದ ಬೆಳಗಿನ ಬಸ್ಸಿಗೆ ತರಿಸಿದ್ದು ಇನ್ನೊಂದೇ ಒಂದು ಇತ್ತು. ಅದೂ ಹಾಳಾದರೆ ಮೂರು ಗಂಟೆಗೆ ಕಥೆ ಮುಗಿದಂತೆ. ತಟ್ಟೆಯ ಅಂಚು ಸೊಟ್ಟಗಾಗಿದೆಯೇ ಎಂದು ನೋಡಬೇಕಿತ್ತು, ಆದರೆ ಗ್ಯಾರೇಜಿನ ನೆಲವೇ ಹಳ್ಳದಿಣ್ಣೆ. ಸಮನಾದ ಜಾಗ ಅವನಿಗೆ ಗೊತ್ತಿದ್ದದ್ದು ಒಂದೇ. ತಟ್ಟೆ ಒರೆಸಿಕೊಂಡು ಹಿಂದಿನ ಅಡುಗೆಮನೆಗೆ ನುಗ್ಗಿದ.

ಹೆಂಡತಿ ಮಾಳಮ್ಮ ಜೋಳದ ಹಿಟ್ಟು ನಾದುತ್ತಿದ್ದಳು. ಮುಂದೆ ರೊಟ್ಟಿ ಬಡಿಯುವ ಶಹಾಬಾದ ಕಲ್ಲು, ತವರಿನಿಂದ ಬಂದದ್ದು, ಕನ್ನಡಿಯಷ್ಟು ನುಣುಪು.

"ಏ, ಅದು ಅನ್ನದ ಕಲ್ಲು! ಎಣ್ಣಿ ತಟ್ಟಿ ಇಡ್ತಿಯಾ ಅದ್ರ ಮ್ಯಾಲ?"

"ಜರಾ ಸುಮ್ನಿರು," ಎಂದು ತಟ್ಟೆಯನ್ನು ಬೋರಲು ಹಾಕಿ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದ. ಬೋಲ್ಟಿನ ತೂತುಗಳ ಸುತ್ತ ತಗಡು ಉಬ್ಬಿ ಕಲ್ಲಿಗೆ ತಾಕಿತ್ತು. ಒಂದು ತೂತಿಗೂ ಇನ್ನೊಂದಕ್ಕೂ ನಡುವೆ ಬೆಳಕು ಹಾಯುತ್ತಿತ್ತು. ಎಣ್ಣೆಗೆ ಅಷ್ಟು ದಾರಿ ಸಾಕು.

ಅವನಿಗೆ ಥಟ್ಟನೆ ಎಲ್ಲ ತಿಳಿಯಿತು. ವಾಡಿಯಲ್ಲಿ ಕಲ್ಲು ಹೊರುವ ಲಾರಿಗಳ ಗ್ಯಾರೇಜಿನಲ್ಲಿ ಕೆಲಸ ಕಲಿಸಿದ ಮಡಿವಾಳಯ್ಯ, ಯಾವ ಬೋಲ್ಟಿಗೂ ಪೂರ್ತಿ ಬಿಗಿದ ಮೇಲೆ "ಬಸವಣ್ಣನ ಸುತ್ತು" ಎಂದು ಇನ್ನೊಂದೆಳೆತ ಎಳೆಸುತ್ತಿದ್ದರು. ಲಾರಿಯ ಗಾಲಿಗೆ ಅದು ಸರಿ. ಇಪ್ಪತ್ತು ವರ್ಷದಿಂದ ಅಣವೀರನ ಭುಜಕ್ಕೆ ಅದೇ ರೂಢಿ. ಹಪ್ಪಳದಷ್ಟು ತೆಳುವಾದ ಈ ತಗಡಿಗೂ ಹದಿನಾಲ್ಕು ಸಲ ಬಸವಣ್ಣನ ಸುತ್ತು ತಿರುವಿದ್ದ.

ಅವನ ಆ ಸುತ್ತೂ, ಗಾಡಿಯ ಮೇಲೆ ಹೊರಿಸಿದ ದೋಷವೂ ಗೊತ್ತಿದ್ದ ಮಾಳಮ್ಮ ಗಂಡನ ಮುಖ ನೋಡಿ ಹಿಟ್ಟಿನ ಕೈ ಸೊಂಟಕ್ಕಿಟ್ಟಳು. "ಕುಣಿಲಾರದಾಕಿ ನೆಲ ಡೊಂಕು ಅಂದ್ಳಂತ. ಈಗ ನನ್ನ ಕಲ್ಲೂ ಡೊಂಕದ ಅನ್ನಬ್ಯಾಡ ಮತ್ತ. ತಗಡ ಮಣಿಸು ಅಂತ ಬಸವಣ್ಣ ಹೇಳಿದ್ನೇನು ನಿನಗ?"

ಅವನು ಕಟ್ಟಿಗೆಯ ತುಂಡಿಗೆ ತಟ್ಟೆಯ ಅಂಚು ಆನಿಸಿ ಒಂದೊಂದೇ ಉಬ್ಬನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದ. ಮತ್ತೆ ಕಲ್ಲಿನ ಮೇಲಿಟ್ಟು ನೋಡಿದ, ಮತ್ತೆ ತಟ್ಟಿದ. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಬೆಳಕು ಕಾಣಲಿಲ್ಲ. ಆಗ ಎರಡು ದಾಟಿತ್ತು.

ಹೊಸ ಗ್ಯಾಸ್ಕೆಟ್ ಇಟ್ಟು ಬೋಲ್ಟುಗಳನ್ನು ಬೆರಳಲ್ಲೇ ತಿರುವಿ ಕೂರಿಸಿದ. ಆಮೇಲೆ ಬೋಲ್ಟು ಬಿಗಿಯುವ ಪಾನಾವನ್ನು ಹಿಡಿಯ ತುದಿಯಲ್ಲಿ ಹಿಡಿಯದೆ, ಬಲ ಬೀಳದಂತೆ ಕುತ್ತಿಗೆಯ ಹತ್ತಿರ ಎರಡು ಬೆರಳಲ್ಲಿ ಹಿಡಿದ. ಈ ಮೂಲೆಯದೊಂದು, ಎದುರಿನ ಮೂಲೆಯದೊಂದು, ಹೀಗೆ ಸ್ವಲ್ಪಸ್ವಲ್ಪವೇ ಬಿಗಿದ. ಪ್ರತಿ ಬೋಲ್ಟಿಗೂ ಭುಜ ಇನ್ನೊಂದು ಎಳೆತ ಕೇಳಿತು. ಬಿಗಿಯದೆ ಬಿಡುವುದಕ್ಕೆ ಇಷ್ಟು ಕಷ್ಟವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಎಣ್ಣೆ ತುಂಬಿ ಹೊರಬರುವಾಗ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಭುವನೇಶ್ವರಿ ಕೂತು ಕಾರು ಚಾಲೂ ಮಾಡಿದಳು. ಸೆಖೆಗೆ ಎಸಿಯನ್ನೂ ಹಾಕಿಕೊಂಡಳು. ಎಂಜಿನ್ ಬಿಸಿಯಾಗಲೆಂದು ಬಿಟ್ಟು, ಅಣವೀರ ಹೊಸ ರಟ್ಟನ್ನು ಕೆಳಗೆ ಹಾಸುವಷ್ಟರಲ್ಲಿ ಮಹೇಶಕುಮಾರನ ಬೈಕು ಬಂದು ನಿಂತಿತು. ಹೇಳಿದ್ದಕ್ಕಿಂತ ಹತ್ತು ನಿಮಿಷ ಮುಂಚೆ. ಅವನು ಬಗ್ಗಿ ಕಾರಿನ ಕೆಳಗೆ ನೋಡಿದ.

ಟಪ್ ಎಂದು ಹನಿ ಬಿತ್ತು.

"ನೋಡಿದ್ಯಾ ತಂಗಿ? ನಾ ಏನು ಹೇಳಿದ್ದೆ!"

ಸ್ಟೀರಿಂಗ್ ಮೇಲಿದ್ದ ಭುವನೇಶ್ವರಿಯ ಕೈ ಜಾರಿ ತೊಡೆಯ ಮೇಲೆ ಬಿತ್ತು. ಅಣವೀರ ಮೊಣಕೈಯಲ್ಲಿ ತೆವಳಿ ಹೋಗಿ ಹನಿಯನ್ನು ಮುಟ್ಟಿದ. ಬಣ್ಣವಿಲ್ಲ, ಜಿಡ್ಡಿಲ್ಲ, ತಣ್ಣಗಿದೆ. ನಾಲಿಗೆಗೂ ಹಚ್ಚಿ ನೋಡಿದ.

"ಎಸಿ ನೀರ್ರಿ ಇದು! ಬರೀ ನೀರು!"

"ಇವತ್ತು ನೀರು, ನಾಳಿ ಎಣ್ಣಿ," ಎಂದ ಮಹೇಶಕುಮಾರ. ಅವನ ಧ್ವನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. "ಆ ಹೊಲದಾಗ ಒಬ್ಬಾಕಿನೇ ಕುಂತಿದ್ಲು. ನಾ ಹೋಗೋತನಕ ಏನಾರ ಆಗಿದ್ರ? ಹುಟ್ಟು ದೋಷದ ಗಾಡಿ ಅಂತ ನೀನೇ ಹೇಳಿದಿ ಅಣವೀರ. ಇನ್ನೊಂದು ಸಲ ಹೇಳು ಈಕಿಗಿ."

ಮಹೇಶಕುಮಾರನ ಮೂರು ಟ್ರ್ಯಾಕ್ಟರುಗಳ ರಿಪೇರಿಯೆಲ್ಲ ಅಣವೀರನದೇ, ಅದರಲ್ಲೊಂದು ಆಗಲೂ ಗ್ಯಾರೇಜಿನಲ್ಲೇ ನಿಂತಿತ್ತು. ಒಂದು 'ಹೂಂ' ಅಂದರೆ ಆ ಕೆಲಸ ಉಳಿಯುತ್ತಿತ್ತು. ಟೀಚರ್ ಅವನನ್ನೇ ನೋಡುತ್ತಿದ್ದಳು, ಏನೂ ಬೇಡದೆ.

"ಗಾಡಿದಲ್ರಿ," ಎಂದ ಅಣವೀರ. "ದೋಷ ನನ್ನ ಕೈದು. ಲಾರಿ ಬೋಲ್ಟ್ ಬಿಗಿದಂಗ ಬಿಗಿದು ತಗಡ ಮಣಿಸಿದೆ. ಆಮ್ಯಾಲ ಸುಳ್ಳು ಹೇಳಿದೆ. ಗಾಡಿ ಖರೇನೇ ಚಲೋ ಅದ."

ಮಹೇಶಕುಮಾರನ ಕಿವಿ ಕೆಂಪಾದವು. "ಇಂಥ ಕೈಯಾಗ ನನ್ನ ಟ್ರ್ಯಾಕ್ಟರ್ ಬಿಟ್ಟೀನೇನು?"

ಅವನು ಮುಂದೆ ಮಾತಾಡುವ ಮೊದಲೇ ಭುವನೇಶ್ವರಿ ಪಕ್ಕದ ಬಾಗಿಲು ತೆರೆದಳು. "ಅಣ್ಣಾ, ಕುಂದ್ರು. ಚಿಂಚೋಳಿತನಕ ಹೋಗಿ ಬರೋಣು. ಒಂದು ಹನಿ ಎಣ್ಣಿ ಬಿದ್ರೂ ನಾನೇ ಕೀಲಿ ಕೊಡ್ತೀನಿ."

ಅವರು ಹೋಗಿ ಬರುವ ಒಂದೂಕಾಲು ಗಂಟೆ ಅಣವೀರ ಬೇರೆ ಕೆಲಸ ಮುಟ್ಟಲಿಲ್ಲ. ಕಾರು ಮರಳಿದಾಗ ಎಸಿ ಆರಿತ್ತು. ರಟ್ಟು ಹಾಸಿ ಕಾದರು. ಹದಿನೈದು ನಿಮಿಷವಾದರೂ ರಟ್ಟು ಒಣಗೇ ಇತ್ತು. ಮಹೇಶಕುಮಾರ ಬೈಕಿನ ಹತ್ತಿರ ಹೋಗಿ ಸೇಡಂಗೆ ಫೋನು ಹಚ್ಚಿ, "ಗಾಡಿ ಕೊಡಲ್ರಿ, ಮಾಫ್ ಮಾಡ್ರಿ," ಎಂದ. ಹೊರಡುವಾಗ ಅಣವೀರನ ಮುಖ ನೋಡದೆ ಹೇಳಿದ: "ನಾಳಿ ಬಂದು ಟ್ರ್ಯಾಕ್ಟರ್ ಒಯ್ತೀನಿ."

"ಒಯ್ರಿ," ಎಂದ ಅಣವೀರ. ಮೂರು ಟ್ರ್ಯಾಕ್ಟರಿನ ಗಳಿಕೆ ಹೋಯಿತು, ಆದರೂ ಹಗುರವೆನಿಸಿತು.

ಕಾರು ಬೀದಿಗಿಳಿದ ಮೇಲೆ ಟೀಚರ್ ಒಮ್ಮೆ ಹಾರ್ನ್ ಹೊಡೆದಳು.

ಒಳಗೆ ಮಾಳಮ್ಮ ಮೂರು ಸಲ ಬೂದಿ ಹಚ್ಚಿ ಕಲ್ಲು ತಿಕ್ಕಿ ತೊಳೆದು, ಮಧ್ಯಾಹ್ನದ ರೊಟ್ಟಿಯನ್ನು ಸಂಜೆಗೆ ಬಡಿಯುತ್ತಿದ್ದಳು. ಮೊದಲ ರೊಟ್ಟಿ ಗಂಡನ ತಟ್ಟೆಗೆ ಹಾಕಿ, ಅವನು ತುತ್ತು ಮುರಿಯುವುದನ್ನೇ ನೋಡಿದಳು.

"ಎಣ್ಣಿ ವಾಸನಿ ಬರಾಕತ್ತದೇನು?"

"ಬರ್ತದ," ಎಂದ ಅಣವೀರ. ಅದನ್ನು ತಿಂದು ಮುಗಿಸಿ, ಇನ್ನೊಂದಕ್ಕೆ ತಟ್ಟೆ ಮುಂದೆ ಮಾಡಿದ.