ಅತ್ತೆಯ ಎದುರಿಗೇ ಹೇಳಿ

ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಎನ್ನುವವರು ಈ ಮನೆಗೊಮ್ಮೆ ಬರಬೇಕಿತ್ತು. ಇಲ್ಲಿ ತೊಂದರೆ ಶುರುವಾದದ್ದೇ ಪ್ರೀತಿ ಹೆಚ್ಚಾಗಿ.

ಅತ್ತೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಮುಗಿದು ಮನೆಗೆ ಬಂದ ಮೇಲೆ ಸೊಸೆ ತನ್ನ ಇಸ್ತ್ರಿ ಅಂಗಡಿಯನ್ನೂ ಅರ್ಧ ದಿನ ಮುಚ್ಚಿ, ಅವರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಊಟ ಹಾಸಿಗೆಗೆ, ನೀರು ಹಾಸಿಗೆಗೆ. ಏಳಲು ಹೋದರೆ ಗದರಿಕೆ.

"ಕಾಲು ನೆಲಕ್ಕಿಟ್ರೆ ನೋಡಿ ಮತ್ತೆ! ಆಸ್ಪತ್ರೇಲಿ ರೆಸ್ಟ್ ಅಂತ ಹೇಳಿದಾರೆ."

ಇಷ್ಟೆಲ್ಲ ಮಾಡುವವಳಿಗೆ ಎದುರಾಡುವುದು ಹೇಗೆಂದು ಅತ್ತೆ ಹೇಳಿದಂತೆ ಮಲಗೇ ಇರುತ್ತಿದ್ದರು. ಮೀನಖಂಡ ನೋಯುತ್ತದೆ ಎಂದರೆ ಸೊಸೆ ಕೂತು ಚೆನ್ನಾಗಿ ತಿಕ್ಕುತ್ತಿದ್ದಳು.

ಒಂದು ಬೆಳಿಗ್ಗೆ ನರ್ಸಿಂಗ್ ಕಾಲೇಜಿನ ಪ್ರೊಫೆಸರಮ್ಮ ಬಂದರು. ಆಸ್ಪತ್ರೆಯಿಂದ ಮನೆಗೆ ಹೋದವರ ಅನುಭವ ಕೇಳಿ ತಿಳಿಯುವುದು ಅವರ ಸಂಶೋಧನೆ. ಮಾತಾಡಲು ಅತ್ತೆ ಮೊದಲೇ ಒಪ್ಪಿದ್ದರು.

"ಪ್ರಶ್ನೆ ಕೇಳಿದ್ರೆ ಮೂಳೆ ಕೂಡುತ್ತಾ ಮೇಡಂ?" ಎಂದಳು ಸೊಸೆ.

ಪ್ರೊಫೆಸರಮ್ಮ ನಕ್ಕರು. "ಮೂಳೆ ಕೂಡಲ್ಲ. ಆದ್ರೂ ಕೇಳ್ತೀನಿ. ಹೇಗಿದ್ದೀರಿ ಅಮ್ಮಾ?"

"ಚೆನ್ನಾಗಿದಾರೆ," ಸೊಸೆಯೇ ಹೇಳಿದಳು.

"ಅವರ ಬಾಯಿಂದ ಕೇಳೋಣ ಅಂತ."

ಅತ್ತೆ ಸೊಸೆಯ ಮುಖ ನೋಡಿ ಮೆಲ್ಲಗೆ ಹೇಳಿದರು: "ಹಿಂಗೇ ಮಲಗಿದ್ರೆ ನಡೆಯೋದೇ ಮರೆತುಹೋಗುತ್ತೇನೋ ಅಂತ ಭಯ. ಎಡಗಾಲು ಬೇರೆ ಬಿಗಿಯುತ್ತೆ, ಇವಳು ಪಾಪ ದಿನಾ ತಿಕ್ತಾಳೆ."

ಪ್ರೊಫೆಸರಮ್ಮ ಹೊದಿಕೆ ಸರಿಸಿದರು. ಎಡ ಮೀನಖಂಡ ಊದಿ ಬಿಸಿಯಾಗಿತ್ತು.

"ಇನ್ನು ತಿಕ್ಕಬೇಡಿ. ಕದಲದೆ ಮಲಗಿದ್ದಕ್ಕೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿ ಅದು ಕಳಚಿ ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಅಪಾಯ. ನನ್ನ ಪ್ರಶ್ನೆ ಹಾಗಿರಲಿ, ಈಗಲೇ ಆಸ್ಪತ್ರೆಗೆ ಹೊರಡಿ."

ಸೊಸೆ ಗಾಡಿ ಕರೆಯಲು ಓಡಿದಳು.

ಆಸ್ಪತ್ರೆಯಲ್ಲಿ ಪರೀಕ್ಷಿಸಿದರೆ ಪ್ರೊಫೆಸರಮ್ಮನ ಅನುಮಾನ ನಿಜವಾಗಿತ್ತು. ಔಷಧಿ ಶುರುವಾಯಿತು. ವಾರ್ಡಿನ ಹೊರಗೆ ಸೊಸೆ ಬಿಕ್ಕಿ ಬಿಕ್ಕಿ ಅತ್ತಳು. "ನಾನೇ ಮಲಗಿಸಿದೆ, ನಾನೇ ತಿಕ್ಕಿದೆ!"

"ಅವತ್ತು ಮನೆಗೆ ಹೊರಟಾಗ ಏನು ಹೇಳಿದ್ರು?" ಕೇಳಿದರು ಪ್ರೊಫೆಸರಮ್ಮ.

"ಸಿಸ್ಟರ್ ಬಾಗಿಲಲ್ಲಿ ಏನೇನೋ ಹೇಳಿದ್ರು. ಗಾಡಿಯವನು ಹಾರ್ನ್ ಹೊಡೀತಿದ್ದ. ರೆಸ್ಟ್ ಅನ್ನೋದೊಂದೇ ಕಿವಿಗೆ ಬಿತ್ತು. ಅರ್ಥ ಆಯ್ತಾ ಅಂದ್ರು, ಹೂಂ ಅಂದೆ."

"ತಪ್ಪು ನಿಮ್ಮೊಬ್ಬರದಲ್ಲ ತಾಯಿ. ನಾನು ಮಾತಾಡಿಸಿದ ಎಷ್ಟೋ ಜನ ಹೀಗೇ ಹೂಂ ಅಂದು ಬಂದವರು. ಅರ್ಥ ಆಯ್ತಾ ಅಂತಲ್ಲ, ಏನು ಅರ್ಥ ಆಯ್ತು ಅಂತ ನಾವು ನರ್ಸುಗಳು ಕೇಳ್ಬೇಕು. ನೀವೂ ತಿರುಗಿ ಹೇಳ್ಬೇಕು."

ಅತ್ತೆ ಮತ್ತೆ ಮನೆಗೆ ಹೊರಟ ದಿನ ಸಿಸ್ಟರ್ ಸೊಸೆಯನ್ನು ಪಕ್ಕಕ್ಕೆ ಕರೆದರು. ಸೊಸೆ ಮಂಚ ಬಿಟ್ಟು ಕದಲಲಿಲ್ಲ.

"ಇಲ್ಲೇ ಹೇಳಿ ಸಿಸ್ಟರ್, ಅತ್ತೆ ಎದುರಿಗೇ. ಕಾಲು ಅವರದ್ದು."

ಸಿಸ್ಟರ್ ಹೇಳಿದರು. ಅತ್ತೆ ತಿರುಗಿ ಒಪ್ಪಿಸಿದರು: "ಆಸರೆ ಹಿಡ್ಕೊಂಡು ಆಗಾಗ ನಡೀಬೇಕು. ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ ತಕ್ಷಣ ಇಲ್ಲಿಗೆ ಬರ್ಬೇಕು. ಊತ ಇಳಿದ್ರೆ ಮಾತ್ರೆ ನಿಲ್ಲಿಸ್ಬಹುದು."

"ಅಯ್ಯೋ, ಇಲ್ಲಮ್ಮಾ! ಡಾಕ್ಟರ್ ಹೇಳೋವರೆಗೂ ಮಾತ್ರೆ ನಿಲ್ಲಿಸೋ ಹಾಗಿಲ್ಲ," ಎಂದು ಸಿಸ್ಟರ್ ತಿದ್ದಿದರು.

ಸೊಸೆ ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ತಿರುಗಿ ಹೇಳಿಸದಿದ್ದರೆ ಈ ಸಲವೂ ಒಂದು ತಪ್ಪು ಅವರ ಜೊತೆ ಮನೆಗೆ ಬರುತ್ತಿತ್ತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮವರನ್ನು ಆಸ್ಪತ್ರೆಯಿಂದ ಕರೆತರುವಾಗ ಗಾಡಿ ಕಾಯಲಿ ಬಿಡಿ. ಏನು ಮಾಡಬೇಕು, ಏನು ಕೂಡದು, ಏನಾದರೆ ಓಡಿಬರಬೇಕು ಎಂದು ರೋಗಿಯ ಎದುರಿಗೇ ಕೇಳಿ. ಕೇಳಿದ್ದನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ. ತಪ್ಪು ಹೇಳಿದರೆ ನಾಚಿಕೆಯಿಲ್ಲ, ಅಲ್ಲೇ ತಿದ್ದುತ್ತಾರೆ. ಹೂಂ ಎಂದು ಬಂದುಬಿಟ್ಟರೆ ಮನೆಯಲ್ಲಿ ತಿದ್ದುವವರು ಯಾರು?