ತುಪ್ಪ ಸವರಿದ ಅಚ್ಚು

ಉಗಾರ ಬುದ್ರುಕದ ಅಭಿನಂದನನಿಗೆ ಯಾವ ಕೆಲಸವೂ ಬರುವುದಿಲ್ಲ ಎಂದರೆ ತಪ್ಪಾಗುತ್ತದೆ. ಎಲ್ಲ ಕೆಲಸವೂ ಅರ್ಧ ಬರುತ್ತಿತ್ತು. ತನ್ನ ಅಂಗಡಿಯ ಇನ್ವರ್ಟರ್ ತಾನೇ ರಿಪೇರಿ ಮಾಡಲು ಹೋಗಿ ಇಡೀ ಓಣಿಯ ಫ್ಯೂಸ್ ಹಾರಿಸಿದ್ದ. ಸೋಲಾರ್ ನೀರಿನ ಟಾಕಿಗೆ ಹೊಸ ಪೈಪು ಜೋಡಿಸಿ, ಮೂರು ತಿಂಗಳು ಬಚ್ಚಲಲ್ಲಿ ತಣ್ಣೀರು, ಹಿತ್ತಲ ಸಂಡಾಸದಲ್ಲಿ ಬಿಸಿನೀರು ಬರುವಂತೆ ಮಾಡಿದ್ದ. ಇದನ್ನೆಲ್ಲ ಊರವರಿಗಿಂತ ಚೆನ್ನಾಗಿ ಅವನೇ ಹೇಳಿಕೊಂಡು ನಗುತ್ತಿದ್ದ. ನಮ್ಮನ್ನು ನಾವೇ ಮೊದಲು ಬೈದುಕೊಂಡರೆ ಮಂದಿಗೆ ಬೈಯಲು ಏನೂ ಉಳಿಯುವುದಿಲ್ಲ ಎಂಬುದು ಅವನ ಮೂವತ್ತೇಳು ವರ್ಷದ ಗಳಿಕೆ.

ಅಂಥವನು ಹೆಂಡತಿಗೆ ಬಂದೂಕಿನ ಸ್ಟಾಕ್ ಮಾಡಿಕೊಡುತ್ತೇನೆಂದು ಮಾತು ಕೊಟ್ಟ.

ಕಾಜಲ ಮದುವೆಗೆ ಮುಂಚೆ ನಿಪ್ಪಾಣಿಯ ಕಾಲೇಜಿನಲ್ಲಿದ್ದಾಗ ಏರ್ ರೈಫಲ್ ಹೊಡೆಯುತ್ತಿದ್ದಳು. ಹತ್ತು ಮೀಟರ್ ದೂರದಲ್ಲಿ ಒಂದು ಕಾಗದ, ಅದರ ನಡುವೆ ಸಾಸಿವೆಗಿಂತ ಸಣ್ಣ ಚುಕ್ಕೆ. ಏಳು ವರ್ಷದಿಂದ ಬಿಟ್ಟೇಹೋಗಿದ್ದ ಆಟ. ಈಗ ಹಳೆಯ ಕೋಚ್ ಫೋನ್ ಮಾಡಿ, ಭಾನುವಾರ ಚಿಕ್ಕೋಡಿಯಲ್ಲಿ ಹೆಂಗಸರ ತಂಡಕ್ಕೆ ಆಯ್ಕೆ ಇದೆ, ಒಂದೇ ಜಾಗ ಖಾಲಿ ಇದೆ, ಬಾ ಅಂದಿದ್ದರು. ರೈಫಲ್ಲನ್ನೂ ಅವರೇ ಕಳಿಸಿದರು. ಆದರೆ ಅದು ಆರಡಿ ಗಂಡಸಿನ ಅಳತೆಯದು. ಭುಜಕ್ಕೆ ಆನಿಸಿ ಕೆನ್ನೆ ಒತ್ತುವ ಹಿಂಬದಿಯ ಭಾಗಕ್ಕೆ ಸ್ಟಾಕ್ ಅನ್ನುತ್ತಾರಲ್ಲ, ಅದು ಕಾಜಲಳಿಗೆ ನಾಲ್ಕು ಬೆರಳು ಉದ್ದವಾಗುತ್ತಿತ್ತು. ಕತ್ತು ಚಾಚಿ ಗುರಿ ಹಿಡಿದರೆ ಐದನೆಯ ಹೊಡೆತಕ್ಕೇ ತೋಳು ನಡುಗುತ್ತಿತ್ತು.

"ಇದರಾಗ ಆಗೂದಿಲ್ರಿ. ಈ ಸಲ ತಪ್ಪಿದ್ರ ಮತ್ತ ಯಾರೂ ನನ್ನ ಕರಿಯೂದಿಲ್ಲ," ಅಂದಳು ಕಾಜಲ.

"ನಾ ಅದೀನಲ್ಲ! ಫೈಬರ್‌ದಾಗ ನಿನ್ನ ಅಳತಿಗೆ ಮಾಡಿಕೊಡ್ತೀನಿ."

"ಬಿಸಿನೀರಿನ ಗತೆ ಆಗಬಾರದ್ರಿ ಮತ್ತ."

ಅವಳು ನಗಲಿಲ್ಲ. ಅವನೂ ಒಳಗೊಳಗೆ ನಗುತ್ತಿರಲಿಲ್ಲ. ಏಳು ವರ್ಷದ ಹಿಂದೆ, ಮದುವೆಯಾದ ಮೊದಲ ವಾರ, ತವರಿನಲ್ಲಿದ್ದ ತನ್ನ ರೈಫಲ್ ತರಲೇ ಎಂದು ಅವಳು ಕೇಳಿದಾಗ ಅಭಿನಂದನ ಹೇಳಿದ್ದ: "ಮುನಿಗಳು ಆಹಾರಕ್ಕ ಬರೋ ಮನಿ ಇದು. ಬಂದೂಕು ಅಂದ್ರ ಅವ್ವ ಒಪ್ಪೂದಿಲ್ಲ." ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎನ್ನುವಷ್ಟು ಖಾತ್ರಿಯಿಂದ ಹೇಳಿದ್ದ. ಕಾಜಲ ಮತ್ತೆ ಕೇಳಲಿಲ್ಲ. ರೈಫಲ್ ಯಾರದೋ ಕೈ ಸೇರಿತು. ಅಂದಿನಿಂದ ಆ ಮಾತು ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಜೈನನ ಗಂಟಲಿಗೆ ಮೀನಿನ ಮುಳ್ಳು ಹೇಗೆ ಬಂತೆಂದು ಯಾರೂ ಕೇಳಬಾರದು, ಸಿಕ್ಕಿದ್ದಂತೂ ನಿಜ. ಈ ಸ್ಟಾಕ್ ಒಂದು ಚೆನ್ನಾಗಿ ಬಂದರೆ ಅದು ಇಳಿದೀತು ಅಂದುಕೊಂಡ.

ಹಿತ್ತಲ ಕೋಣೆಯಲ್ಲಿ ಕೆಲಸ ಶುರುವಾಯಿತು. ತಾಯಿ ಗಂಗೂಬಾಯಿಗೆ "ಪಂಪಿನ ಮುಚ್ಚಳ ಮಾಡಾಕತ್ತೀನಿ" ಅಂತ ಹೇಳಿದ. ಕಾಜಲಳನ್ನು ನಿಲ್ಲಿಸಿ ಭುಜದಿಂದ ಬೆರಳಿನ ತನಕ, ಕೆನ್ನೆಯಿಂದ ಕಣ್ಣಿನ ತನಕ ಟೇಪು ಹಿಡಿದು ಎರಡೆರಡು ಸಲ ಅಳೆದ. ಕಟ್ಟಿಗೆಯಲ್ಲಿ ಆಕಾರ ಕೆತ್ತಿದ. ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದ ಎನ್ನುವ ಹಾಗೆ, ಮೊದಲನೆಯದು ಕೊಡಲಿಯ ಕಾವಾಯಿತು, ಎರಡನೆಯದು ಕ್ರಿಕೆಟ್ ಬ್ಯಾಟಾಯಿತು. ಮೂರನೆಯದನ್ನು ಭುಜಕ್ಕಿಟ್ಟು ನೋಡಿದ ಕಾಜಲ "ಹೂಂ" ಅಂದಳು. ಆ ಒಂದು ಹೂಂ ಅವನನ್ನು ಎರಡು ದಿನ ನಡೆಸಿತು. ಆ ಕಟ್ಟಿಗೆಯ ಸುತ್ತ ಪ್ಲಾಸ್ಟರ್ ಹೊಯ್ದು ಎರಡು ಹೋಳಿನ ಅಚ್ಚು ತೆಗೆದ. ಇನ್ನು ಅಚ್ಚಿನ ಒಳಮೈಗೆ ವ್ಯಾಕ್ಸ್ ಹಚ್ಚಿ, ಗಾಜಿನ ನಾರಿನ ಬಟ್ಟೆ ಹಾಸಿ, ರೆಸಿನ್ ಎಂಬ ಅಂಟು ಬಳಿದು, ಗಟ್ಟಿಯಾದ ಮೇಲೆ ಬಿಚ್ಚುವುದಷ್ಟೇ ಬಾಕಿ.

ವ್ಯಾಕ್ಸಿನ ಡಬ್ಬಿ ಕೊಡುವಾಗ ಮೀರಜದ ಅಂಗಡಿಯವನು ಎಚ್ಚರಿಸಿದ್ದ: "ಇದನ್ನ ಹಚ್ಚೂದು ಮರೀಬ್ಯಾಡ್ರಿ ಸಾವ್ಕಾರ, ಇಲ್ಲಂದ್ರ ಅಚ್ಚು ಬಿಡೂದಿಲ್ಲ."

ಮರೆಯಲಿಲ್ಲ. ಮುಚ್ಚಳ ತೆಗೆದ ಮೇಲೆ ಅವನಿಗೆ ಹೊಳೆಯಿತು: ವ್ಯಾಕ್ಸ್ ಅಂದರೆ ಮೇಣ, ಮೇಣ ಅಂದರೆ ಜೇನುಗೂಡು. ಕೆಮ್ಮಿಗೆ ಸಹ ಜೇನು ಮುಟ್ಟದ ಮನೆ. ಸಾವಿರ ಹುಳದ ಮನೆ ಮುರಿದು ತಂದ ವಸ್ತುವನ್ನು ಹಿತ್ತಲೊಳಗೆ ತಂದಿದ್ದಾನೆಂದು ಅವ್ವನಿಗೆ ತಿಳಿದರೆ ಏನು ಗತಿ? ಹೊಲದ ಔಷಧದ ಅಂಗಡಿ ಇಟ್ಟು, ದಿನಾ ಮುಂಜಾನೆ ಹುಳ ಸಾಯಿಸುವ ಬಾಟಲಿಗಳಿಗೆ ಊದಿನಕಡ್ಡಿ ಬೆಳಗುವವನಿಗೆ ಒಂದು ಡಬ್ಬಿ ಮೇಣದ ಪಾಪ ಕಾಡಿತು. ಡಬ್ಬಿಯನ್ನು ಕಂಪೌಂಡಿನ ಗೋಡೆಯ ಮೇಲಿಟ್ಟು ಬಂದ. ಹೋಳಿಗೆ ಹಂಚನ್ನು ಬಿಡುವುದು ಯಾತರಿಂದ? ತುಪ್ಪದಿಂದ. ಹೋಳಿಗೆಯೇ ಬಿಟ್ಟ ಮೇಲೆ ಫೈಬರ್ ಯಾವ ಗಿಡದ ತೊಪ್ಪಲು? ಅಡುಗೆಮನೆಯಿಂದ ತುಪ್ಪದ ಡಬ್ಬಿ ತಂದು ಅಚ್ಚಿಗೆ ಧಾರಾಳವಾಗಿ ಸವರಿದ.

ಪ್ಲಾಸ್ಟರು ತುಪ್ಪವನ್ನೆಲ್ಲ ಕುಡಿದುಬಿಡುತ್ತದೆಂದು ಅವನಿಗೆ ಯಾರು ಹೇಳಬೇಕು?

ಶುಕ್ರವಾರ ಸಂಜೆ ಅಚ್ಚು ಬಿಚ್ಚಲು ಕುಳಿತ. ಬರಲಿಲ್ಲ. ಸ್ಕ್ರೂಡ್ರೈವರ್ ತುರುಕಿ ಮೀಟಿದ, ಬಿಸಿನೀರು ಹೊಯ್ದ, ಣಮೋಕಾರ ಮಂತ್ರ ಹೇಳಿದ. ಕಲ್ಲಿನಂತೆ ಕೂತಿತ್ತು. ಅಂಗೈ ಕೊಯ್ದುಕೊಂಡು ರಕ್ತ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಗಂಗೂಬಾಯಿ ನಿಂತಳು.

"ಹೊತ್ತು ಮುಳುಗಾಕ ಬಂತು, ಉಣ್ಣಾಕ ಬಾ. ಮತ್ತ ತುಪ್ಪದ ಡಬ್ಬಿ ಎಲ್ಲೈತಿ?" ಎಂದವಳ ಕಣ್ಣು ಖಾಲಿ ಡಬ್ಬಿಯ ಮೇಲೆ ಬಿತ್ತು. "ಪಂಪಿಗೆ ತುಪ್ಪ ಉಣಿಸಿದೇನೋ?"

"ಅದು... ಅಚ್ಚು ಬಿಡಲಿ ಅಂತ. ಅಂಗಡ್ಯಾಂವ ಮೇಣ ಕೊಟ್ಟಿದ್ದ. ಜೇನಿನ ಮೇಣ ಅಂದ್ರ ನೀ ಒಪ್ಪೂದಿಲ್ಲ ಅಂತ..."

ಗಂಗೂಬಾಯಿ ಗೋಡೆಯ ಮೇಲಿದ್ದ ಡಬ್ಬಿ ತಂದು, ಕನ್ನಡಕ ಏರಿಸಿ, ಸಂಜೆಯ ಬೆಳಕಿಗೆ ಹಿಡಿದಳು. ಹಿಂದಿಯಲ್ಲಿ ಬರೆದದ್ದನ್ನು ನಿಧಾನಕ್ಕೆ ಓದಿದಳು. "ಗಿಡದ ಎಲಿಯಿಂದ ತಗದ ಮೇಣ ಅಂತ ಬರದೈತಿ. ಓದಾಕ ಬರತೈತಿಲ್ಲ ನಿನಗ? ಹೋಗಲಿ, ಒಪ್ಪೂದಿಲ್ಲ ಅಂತ ನಾ ಯಾವಾಗ ಅಂದ್ನಿ? ನನ್ನ ಕೇಳಿದೇನು?"

"ಮತ್ತ ಬಂದೂಕಿನ ಕೆಲಸ ಅಂತ ಹೆಂಗ ಹೇಳ್ಲಿ ಅವ್ವಾ?"

"ಬಂದೂಕಿಂದು ಅಂತ ಮೊದಲನೇ ದಿನಾನ ಗೊತ್ತಾಗೈತಿ. ಟೀವ್ಯಾಗ ಹುಡುಗ್ಯಾರು ಹೊಡಿಯೂದು ನೋಡಿಲ್ಲೇನು ನಾ? ಕಾಗದಕ್ಕ ತೂತು ಬಿದ್ರ ಯಾವ ಜೀವ ಹೋಗತೈತಿ? ನಿನ್ನ ಅಂಗಡ್ಯಾಗಿನ ಬಾಟ್ಲಿ ನೋಡಿ ಮಾತಾಡು."

ಅವಳ ಬೆನ್ನ ಹಿಂದೆ ಕಾಜಲ ಬಂದು ನಿಂತಿದ್ದಳು. ಅಭಿನಂದನ ಈಗ ನೋಡಿದ.

"ಅತ್ತಿ," ಅಂದಳು ಕಾಜಲ ಮೆಲ್ಲಗೆ, "ಏಳು ವರ್ಷದ ಹಿಂದ ನನ್ನ ರೈಫಲ್ ತರೂದು ಬ್ಯಾಡ ಅಂದಿದ್ರಲ್ಲ?"

"ಯಾವ ರೈಫಲ್ಲು?"

ಅಭಿನಂದನ ಹಲ್ಲು ಕಿರಿದು, "ನನ್ನ ತಲಿಗೂ ಯಾರೋ ತುಪ್ಪ ಹಚ್ಯಾರ ನೋಡ, ಏನೂ ನಿಲ್ಲ..." ಎಂದು ಶುರುಮಾಡಿದ.

"ನಗಸಬ್ಯಾಡ್ರಿ," ಅಂದಳು ಕಾಜಲ.

ಅವನ ನಗು ಅಲ್ಲಿಗೇ ನಿಂತಿತು. "ಅವ್ವನ್ನ ಕೇಳಿರಲಿಲ್ಲ," ಅಂದ. "ನನಗ ಅಂಜಿಕಿ ಇತ್ತು. ಊರ ಮಂದಿ ಆಡಿಕೋತಾರಂತ. ಅವ್ವನ ಹೆಸರು ಹೇಳಿದ್ರ ನೀ ಮತ್ತ ಕೇಳೂದಿಲ್ಲಂತ ಗೊತ್ತಿತ್ತು." ಇಷ್ಟು ವರ್ಷ ತನ್ನನ್ನು ದಡ್ಡ, ದಡ್ಡ ಅಂದುಕೊಂಡಿದ್ದೆಲ್ಲ ಎಷ್ಟು ಹಗುರದ ಬೈಗುಳವೆಂದು ಅವನಿಗೆ ಆಗ ತಿಳಿಯಿತು.

ಕಾಜಲ ಅವನ ಪಕ್ಕದಲ್ಲಿ ಬಿದ್ದಿದ್ದ ಸುತ್ತಿಗೆ ತೆಗೆದುಕೊಂಡು ಕೆಳಗೆ ಕೂತಳು. ಪ್ಲಾಸ್ಟರನ್ನು ಚೂರು ಚೂರಾಗಿ ಒಡೆಯತೊಡಗಿದಳು. ಗಂಗೂಬಾಯಿ ಚೂರುಗಳನ್ನು ಆರಿಸಿ ಆರಿಸಿ ಬುಟ್ಟಿಗೆ ಹಾಕಿದಳು. ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆ, ಅಂದು ಮೂವರೂ ಉಣ್ಣಲಿಲ್ಲ.

ಮರುದಿನ ಫೈಬರಿನ ಎರಡೂ ಹೋಳು ಜೋಡಿಸಿ, ರೈಫಲ್ಲಿಗೆ ಬಿಗಿದದ್ದಾಯಿತು. ನೋಡಲು ಸಿಡುಬೆದ್ದ ಸೋರೆಕಾಯಿ. ಕೆನ್ನೆ ಒತ್ತುವ ಕಡೆ ಪ್ಲಾಸ್ಟರಿನ ತರಿ ಹತ್ತಿತ್ತು, ಗಂಗೂಬಾಯಿ ಹಳೆಯ ಸೀರೆಯ ತುಂಡು ಅಂಟಿಸಿದಳು. ಬೇಸಿಗೆಯ ಬೆಣ್ಣೆ ಅಂಗಡಿಯ ವಾಸನೆ ಬರುತ್ತಿತ್ತು. ಆದರೆ ಅಳತೆ ತಪ್ಪಿರಲಿಲ್ಲ. ಹಿತ್ತಲಲ್ಲಿ ಕಾಜಲ ಹತ್ತು ಹೊಡೆದಳು, ತೋಳು ನಡುಗಲಿಲ್ಲ. ಹತ್ತೂ ತೂತುಗಳನ್ನು ಒಂದು ರೂಪಾಯಿಯ ನಾಣ್ಯದಿಂದ ಮುಚ್ಚಬಹುದಾಗಿತ್ತು.

ಭಾನುವಾರ ಮುಂಜಾನೆ ಅಭಿನಂದನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನ ಹತ್ತಿರ ನಿಂತಿದ್ದ. ಕಾಜಲ ಬಂದು ಕೀಲಿಗೆ ಕೈ ಚಾಚಿದಳು.

"ನೀವು ಬರೂದು ಬ್ಯಾಡ್ರಿ. ಅತ್ತಿ ಬರ್ತಾರ."

ಗಂಗೂಬಾಯಿ ಆಗಲೇ ಮುಂದಿನ ಸೀಟಿನಲ್ಲಿ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಊರ ಗಡಿ ದಾಟಲು ಸಹ ಹತ್ತು ಸಲ ಕರೆಸಿಕೊಳ್ಳುವ ಅವ್ವ.

"ಆಕಿ ಹೆಂಗ ಒಪ್ಪಿದಳು?" ಅಂದುಬಿಟ್ಟ.

"ಕೇಳಿದೆ," ಅಂದಳು ಕಾಜಲ, "ಬರ್ತೀನಿ ಅಂದ್ರು," ಎಂದು ಕೀಲಿ ಇಸಿದುಕೊಂಡು ಕಾರು ಹತ್ತಿ ಗೇರು ಹಾಕಿದಳು.